ನಿಲ್ದಾಣದ ಬಾಗಿಲಾಚೆಯ ಅರ್ಧ ಕಿಲೋಮೀಟರು

2025ರ ಮೇ 22ರಂದು ದೇಶದ 103 ರೈಲು ನಿಲ್ದಾಣಗಳು ಒಂದೇ ದಿನ ಹೊಸ ರೂಪದಲ್ಲಿ ಉದ್ಘಾಟನೆಗೊಂಡವು. ಅವುಗಳಲ್ಲಿ ಕರ್ನಾಟಕದ ಪಾಲು ಐದು: ಧಾರವಾಡ, ಗದಗ, ಬಾಗಲಕೋಟೆ, ಗೋಕಾಕ ರೋಡ್ ಮತ್ತು ಮುನಿರಾಬಾದ್. ಹಣವೆಲ್ಲ ಬೆಂಗಳೂರಿಗೇ ಹರಿಯುತ್ತದೆ ಎಂದು ಗೊಣಗುತ್ತ ಬಂದವರಿಗೆ ಈ ಪಟ್ಟಿಯೇ ಒಂದು ಸಮಾಧಾನ. ಅಮೃತ ಭಾರತ ನಿಲ್ದಾಣ ಯೋಜನೆಯಲ್ಲಿ ಇಂಥ ಸಾವಿರದ ಮುನ್ನೂರಕ್ಕೂ ಹೆಚ್ಚು ನಿಲ್ದಾಣಗಳಿವೆ. 2023ರ ಆಗಸ್ಟ್ 6ರಂದು 508 ನಿಲ್ದಾಣಗಳಿಗೆ, ಮರುವರ್ಷದ ಫೆಬ್ರುವರಿಯಲ್ಲಿ ಇನ್ನೂ ಐನೂರಕ್ಕೂ ಹೆಚ್ಚು ನಿಲ್ದಾಣಗಳಿಗೆ ಅಡಿಗಲ್ಲು ಬಿತ್ತು. ಸಣ್ಣ ಊರಿನ ನಿಲ್ದಾಣಗಳ ಮೇಲೆ ಇಷ್ಟೊಂದು ಹಣ ಒಟ್ಟಿಗೆ ಸುರಿದದ್ದು ನನ್ನ ತಲೆಮಾರಿನವರು ಕಂಡಿಲ್ಲ. ಬೀಗ ಹಾಕಿದ ಶೌಚಾಲಯ, ಸೋರುವ ತಗಡಿನ ಚಾವಣಿ, ಗಾಡಿಯ ಬಾಗಿಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಎರಡು ಅಡಿ ಎತ್ತರದ ಅಂತರ: ಇದನ್ನೇ ಸಹಜವೆಂದುಕೊಂಡಿದ್ದ ಊರುಗಳಿಗೆ ಲಿಫ್ಟು, ಎಸ್ಕಲೇಟರು, ಕೂರಲು ಜಾಗ, ಬೆಳಕು ಬಂದಿರುವುದು ಸಣ್ಣ ಮಾತಲ್ಲ. ಮಂಡಿನೋವಿನ ಅಜ್ಜಿಯೊಬ್ಬಳು ಲಿಫ್ಟಿನಲ್ಲಿ ಎರಡನೇ ಪ್ಲಾಟ್‌ಫಾರ್ಮಿಗೆ ಹೋಗುವುದನ್ನು ಕಂಡವರು ಈ ಯೋಜನೆಯನ್ನು ಬರೀ ಬಣ್ಣ ಬಳಿಯುವ ಕೆಲಸವೆಂದು ತಳ್ಳಿಹಾಕಲಾರರು.

ನನ್ನ ತಕರಾರು ನಿಲ್ದಾಣದ ಒಳಗಿನದಲ್ಲ. ಅದರ ಬಾಗಿಲು ದಾಟಿದ ಮೇಲೆ ಸಿಗುವ ಅರ್ಧ ಕಿಲೋಮೀಟರಿನದು. ಸಣ್ಣ ನಗರದಲ್ಲಿ ಪ್ರಯಾಣಿಕರ ಪಾಡು ಇರುವುದು ಅಲ್ಲಿ, ನಿಲ್ದಾಣದಿಂದ ಊರಿಗೆ ಆಗಬೇಕಾದ ಲಾಭ ಸೋರಿಹೋಗುತ್ತಿರುವುದೂ ಅಲ್ಲೇ. ಹಣವೆಲ್ಲ ಬಾಗಿಲಿನ ಈಚೆಗೇ ನಿಂತುಬಿಟ್ಟಿದೆ. ರೈಲ್ವೆ ಮತ್ತು ನಗರಸಭೆ ಒಂದೇ ಮೇಜಿನ ಮುಂದೆ ಕೂತು, ಒಂದೇ ನಕ್ಷೆಗೆ ಸಹಿ ಹಾಕುವವರೆಗೂ ನಿಲ್ದಾಣದ ಪುನರಭಿವೃದ್ಧಿಯನ್ನು ನಗರದ ಅಭಿವೃದ್ಧಿಯೆಂದು ಕರೆಯುವುದು ಸರಿಯಲ್ಲ.

ಉತ್ತರ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಬೆಂಗಳೂರಿನ ಗಾಡಿ ಇಳಿದೆ. ಹೊಸ ಕಟ್ಟಡ ಝಗಝಗಿಸುತ್ತಿತ್ತು. ಗಾಲಿಕುರ್ಚಿಗೆಂದು ಮಾಡಿದ ಇಳಿಜಾರು ಅಂಗಳಕ್ಕೆ ಚೆಂದವಾಗಿ ಇಳಿದು, ಗೇಟಿನ ಬಳಿ ಒಂದು ಅಡಿ ಎತ್ತರದ ಕಟ್ಟೆಗೆ ಬಂದು ಮುಗಿಯುತ್ತಿತ್ತು. ಕಟ್ಟೆಯಾಚೆ ನಗರಸಭೆಯ ಚರಂಡಿ. ಅದರ ಮೇಲಿನ ಕಲ್ಲುಚಪ್ಪಡಿಗಳಲ್ಲಿ ಒಂದು ಮುರಿದುಬಿದ್ದಿತ್ತು. ಬೀದಿದೀಪವಿರಲಿಲ್ಲ. ನನ್ನ ಮುಂದೆ ಒಬ್ಬ ಹೆಣ್ಣುಮಗಳು, ಕಂಕುಳಲ್ಲಿ ಕೂಸು, ತಲೆಯ ಮೇಲೆ ಚೀಲ, ಕಾಲಿನಿಂದ ಚಪ್ಪಡಿ ತಡವುತ್ತ ರಸ್ತೆಗೆ ಇಳಿದಳು. ಬಸ್‌ಸ್ಟ್ಯಾಂಡಿಗೆ ಹೋಗಲು ಆಟೊದವರು ನೂರೈವತ್ತು ಕೇಳಿದರು. ಆಕೆ ಚೌಕಾಸಿ ಮಾಡಲಿಲ್ಲ. ಬೆಳಗಾಗುವವರೆಗೆ ಅಲ್ಲೇ ಕೂರುತ್ತೇನೆಂದು ಒಳಗೆ ವಾಪಸಾದಳು. ಮೊದಲ ಸಿಟಿ ಬಸ್ಸು ಆರೂವರೆಗೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಆದರೆ ಆ ಬಸ್ಸು ಗಾಡಿ ಬಂದ ಹೊತ್ತಿಗೆ ನಿಲ್ದಾಣದ ಮುಂದೆ ಇರಬೇಕಲ್ಲ. ಜನರಲ್ ಬೋಗಿಯಲ್ಲಿ ನಾನೂರು ಕಿಲೋಮೀಟರು ಬಂದದ್ದಕ್ಕೆ ಕೊಟ್ಟಷ್ಟೇ ಹಣವನ್ನು ಕೊನೆಯ ಎರಡು ಕಿಲೋಮೀಟರಿಗೂ ಕೊಡಬೇಕಾದ ಊರಿನಲ್ಲಿ ಕಟ್ಟಡದ ಮುಖಕ್ಕೆ ಎಷ್ಟು ಬಣ್ಣದ ದೀಪ ಹಚ್ಚಿದರೂ ಬಡವರ ಪ್ರಯಾಣ ಹಗುರವಾಗುವುದಿಲ್ಲ.

ಈ ಅಂತರ ಇವತ್ತಿನದಲ್ಲ. ನಮ್ಮ ಹೆಚ್ಚಿನ ನಿಲ್ದಾಣಗಳು ಊರಿಗೋಸ್ಕರ ಹುಟ್ಟಿದವೇ ಅಲ್ಲ. 1876-78ರ ಭೀಕರ ಬರಗಾಲದ ನಂತರ, ಕ್ಷಾಮದಲ್ಲಿ ಧಾನ್ಯ ಸಾಗಿಸಲು ದಾರಿಯಿರಲಿ ಎಂಬ ಉದ್ದೇಶದಿಂದ ಹೋಟಗಿಯಿಂದ ವಿಜಯಪುರ, ಬಾಗಲಕೋಟೆ ಹಾದು ಗದಗಿಗೆ ಮೀಟರ್ ಗೇಜ್ ಹಳಿ ಬಂತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಅದನ್ನು ಹಾಕಿತು. ಹತ್ತಿ ಸಾಗಬೇಕಿತ್ತು, ಸೈನ್ಯ ಸಾಗಬೇಕಿತ್ತು, ಹಳಿಗೆ ಸಮತಟ್ಟಾದ ನೆಲ ಬೇಕಿತ್ತು. ಪೇಟೆ ಎಲ್ಲಿದೆ ಎಂಬುದು ಆಮೇಲಿನ ಪ್ರಶ್ನೆ. ಹಾಗಾಗಿ ವಿಜಯಪುರದಲ್ಲಿ ಗಾಡಿ ಊರಿನ ಪೂರ್ವದಂಚಿನಲ್ಲಿ, ಗೋಳಗುಮ್ಮಟದ ಬದಿಗೆ ನಿಂತಿತು. ಗೋಕಾಕ ರೋಡ್ ನಿಲ್ದಾಣ ಗೋಕಾಕದಿಂದ ಮೈಲಿಗಳಾಚೆ ಉಳಿಯಿತು. ನೂರು ವರ್ಷದ ಮೇಲೆ ಹಾಕಿದ ಕೊಂಕಣ ರೈಲು ಕೂಡ ಅದೇ ಹಾದಿ ಹಿಡಿಯಿತು: ಉಡುಪಿಗೆ ಇಳಿಯುವವರು ಇಂದ್ರಾಳಿಯಲ್ಲಿ ಇಳಿಯಬೇಕು, ಕುಂದಾಪುರದವರು ಮೂಡ್ಲಕಟ್ಟೆಯಲ್ಲಿ, ಕಾರವಾರದವರು ಶಿರವಾಡದಲ್ಲಿ. ಕೆಲವು ಕಡೆ ನಿಲ್ದಾಣವೇ ಊರನ್ನು ತನ್ನತ್ತ ಎಳೆದುಕೊಂಡದ್ದೂ ಉಂಟು. ಹುಬ್ಬಳ್ಳಿ ಇವತ್ತಿನ ಹುಬ್ಬಳ್ಳಿಯಾದದ್ದು ರೈಲ್ವೆ ಕಾರ್ಖಾನೆಯಿಂದ. ಅರಸೀಕೆರೆ, ಬೀರೂರುಗಳಿಗೆ ಜಂಕ್ಷನ್ನೇ ಜೀವ. ಆದರೆ ಅಲ್ಲೂ ಹಳಿಯ ಒಂದು ಬದಿ ಮುಖ, ಇನ್ನೊಂದು ಬದಿ ಬೆನ್ನು. ಬೆನ್ನಿನ ಕಡೆ ಬೆಳೆದ ಬಡಾವಣೆಗಳಿಗೆ ನಿಲ್ದಾಣ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ.

ಅಮೃತ ಭಾರತ ಯೋಜನೆಯನ್ನು ರೂಪಿಸಿದವರಿಗೆ ಇದು ಗೊತ್ತಿಲ್ಲವೆಂದಲ್ಲ. ನಿಲ್ದಾಣವನ್ನು ಊರಿನ ಎರಡೂ ಬದಿಗೆ ಜೋಡಿಸಬೇಕು, ಬಸ್ಸು ಮುಂತಾದ ಇತರ ಸಾರಿಗೆಯೊಂದಿಗೆ ಬೆಸೆಯಬೇಕು ಎಂದು ಯೋಜನೆಯ ಉದ್ದೇಶಗಳಲ್ಲೇ ಬರೆದಿದೆ. ಪ್ರತಿ ನಿಲ್ದಾಣಕ್ಕೂ ಮಾಸ್ಟರ್ ಪ್ಲಾನ್ ಮಾಡಿ ಹಂತಹಂತವಾಗಿ ಕೈಗೊಳ್ಳಬೇಕೆಂದೂ ಇದೆ. ಹಾಗಿದ್ದರೂ ಮೊದಲ ಹಂತದಲ್ಲಿ ಮೇಲೇಳುವುದು ಮುಂಬಾಗಿಲ ಕಮಾನು, ಗೋಡೆಯ ಮೇಲಿನ ಚಿತ್ರ, ಕಾರು ನಿಲ್ಲಿಸುವ ಜಾಗ. ಬೆಸುಗೆಯ ಕೆಲಸ ಹಿಂದೆ ಬೀಳಲು ಅಧಿಕಾರಿಗಳ ಸೋಮಾರಿತನವಷ್ಟೇ ಕಾರಣವಲ್ಲ. ಕಾನೂನಿನ ಕಟ್ಟೇ ಹಾಗಿದೆ.

1989ರ ರೈಲ್ವೆ ಕಾಯ್ದೆಯ 11ನೇ ಕಲಮಿನಂತೆ ರೈಲ್ವೆಯು ತನ್ನ ಕಾಮಗಾರಿಯನ್ನು ಬೇರೆ ಯಾವ ಕಾನೂನಿನ ಅಡ್ಡಿಯೂ ಇಲ್ಲದೆ ಮಾಡಬಹುದು. ನಗರಸಭೆಯ ಪರವಾನಗಿ ಬೇಕಿಲ್ಲ. ಸಂವಿಧಾನದ 285ನೇ ವಿಧಿ ಕೇಂದ್ರದ ಆಸ್ತಿಗೆ ಸ್ಥಳೀಯ ತೆರಿಗೆಯಿಂದ ವಿನಾಯಿತಿ ಕೊಟ್ಟಿದೆ. ರೈಲ್ವೆ ಕಾಯ್ದೆಯ 184ನೇ ಕಲಮೂ ಕೇಂದ್ರ ಅಧಿಸೂಚನೆ ಹೊರಡಿಸದ ಹೊರತು ಪುರಸಭೆ, ನಗರಸಭೆಗಳು ರೈಲ್ವೆಯಿಂದ ತೆರಿಗೆ ಪಡೆಯುವಂತಿಲ್ಲ ಎನ್ನುತ್ತದೆ. ರಾಜಕೋಟ್ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಮಧ್ಯದ ದಾರಿ ಹೊರಟಿತು: ಆಸ್ತಿ ತೆರಿಗೆ ಬೇಡ, ಆದರೆ ಪಡೆದ ಸೇವೆಯ ಪ್ರಮಾಣಕ್ಕೆ ತಕ್ಕಂತೆ ಆಸ್ತಿ ತೆರಿಗೆಯ ಮುಕ್ಕಾಲು, ಅರ್ಧ ಅಥವಾ ಮೂರನೇ ಒಂದು ಭಾಗದಷ್ಟು ಸೇವಾ ಶುಲ್ಕವನ್ನು ಕೇಂದ್ರದ ಇಲಾಖೆಗಳು ಕೊಡಬೇಕು. ಸೇವಾ ಶುಲ್ಕವೆಂಬ ಈ ಬಾಬತ್ತಿನ ಬಗ್ಗೆ ನಮ್ಮ ನಗರಸಭೆಗಳ ಬಜೆಟ್ ಸಭೆಗಳಲ್ಲಿ ಚರ್ಚೆಯಾದದ್ದನ್ನು ನಾನಂತೂ ಕೇಳಿಲ್ಲ. ಪರವಾನಗಿ ಕೊಡುವ ಅಧಿಕಾರವೂ ಇಲ್ಲ, ತೆರಿಗೆಯೂ ಬರುವುದಿಲ್ಲ ಎಂದಾಗ ನಿಲ್ದಾಣ ನಗರಸಭೆಗೆ ಬೇರೆಯವರ ಮನೆಯಾಗುತ್ತದೆ. ಗೇಟಿನಾಚೆಯ ಚರಂಡಿ ರೈಲ್ವೆಗೆ ಬೇರೆಯವರ ಚರಂಡಿಯಾಗುತ್ತದೆ. ಮುರಿದ ಚಪ್ಪಡಿಗೆ ವಾರಸುದಾರರೇ ಇಲ್ಲ.

ಬೀದಿಬದಿ ವ್ಯಾಪಾರಿಗಳ ಮೇಲೆ ಇದರ ಪೆಟ್ಟು ಇನ್ನೂ ನೇರ. 2014ರಲ್ಲಿ ಬಂದ ಕಾಯ್ದೆ ಅವರಿಗೆ ಗುರುತಿನ ಪತ್ರ, ನಿಗದಿತ ಜಾಗ, ಎಬ್ಬಿಸುವ ಮುನ್ನ ನೋಟಿಸು ಎಂಬ ಹಕ್ಕುಗಳನ್ನು ಕೊಟ್ಟಿತು. ಆದರೆ ಆ ಕಾಯ್ದೆಯ ಮೊದಲ ಕಲಮಿನಲ್ಲೇ ಒಂದು ಉಪಕಲಮು ರೈಲ್ವೆಯ ಜಮೀನು, ಆವರಣ ಮತ್ತು ಗಾಡಿಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಹೊರಗಿಟ್ಟಿದೆ. ಅಂದರೆ ಗೇಟಿನಾಚೆ ಮಂಡಕ್ಕಿ ಮಾರುವವನಿಗೆ ಹಕ್ಕಿದೆ, ಗೇಟಿನೀಚೆ ಹೂವು ಮಾರುವವಳಿಗಿಲ್ಲ. ಇಬ್ಬರ ನಡುವೆ ಹತ್ತು ಹೆಜ್ಜೆ. ಪುನರಭಿವೃದ್ಧಿ ಎಂದ ಕೂಡಲೇ ಮೊದಲು ತೆರವಾಗುವುದು ಇವರೇ. ‘ಒಂದು ನಿಲ್ದಾಣ ಒಂದು ಉತ್ಪನ್ನ’ ಎಂಬ ಹೆಸರಲ್ಲಿ ಸ್ಥಳೀಯ ಕಸುಬಿನವರಿಗೆ ಮಳಿಗೆ ಕೊಡುವ ಯೋಜನೆ ಒಳ್ಳೆಯದೇ. ಆದರೆ ಅದು ಒಂದು ಮಳಿಗೆ, ಸರದಿಯ ಮೇಲೆ ಸಿಗುವಂಥದ್ದು. ನಿಲ್ದಾಣದ ಮುಂದೆ ಬೆಳಗಿನ ಜಾವ ಚಹಾ, ಮಿರ್ಚಿ-ಮಂಡಕ್ಕಿ, ಬಾಳೆಹಣ್ಣು ಮಾರಿ ಹೊಟ್ಟೆ ಹೊರೆಯುವ ಇಪ್ಪತ್ತು ಮೂವತ್ತು ಕುಟುಂಬಗಳಿಗೆ ಅದು ಬದಲಿ ಆಗಲಾರದು. ಅವರನ್ನು ಒತ್ತುವರಿದಾರರೆಂದು ನೋಡುವವರಿಗೆ ಒಂದು ಮಾತು ಹೇಳಬೇಕು. ಅಪರಾತ್ರಿಯಲ್ಲಿ ಒಂಟಿ ಹೆಣ್ಣುಮಗಳಿಗೆ ನಿಲ್ದಾಣದ ಅಂಗಳ ಸುರಕ್ಷಿತ ಅನ್ನಿಸುವುದು ಸಿಸಿಟಿವಿಯಿಂದಲ್ಲ, ಎದುರಿಗೆ ಸ್ಟವ್ ಹಚ್ಚಿಕೊಂಡು ಕೂತ ಚಹಾದ ಅಕ್ಕನಿಂದ. ಹೊಸ ಅಂಗಳದ ನಕ್ಷೆಯಲ್ಲಿ ಆ ಅಕ್ಕನಿಗೆ ಎಂಟು ಅಡಿ ಜಾಗ, ಒಂದು ನಲ್ಲಿ, ಒಂದು ಕಸದ ತೊಟ್ಟಿ ಇಲ್ಲದಿದ್ದರೆ ಆ ನಕ್ಷೆ ಅಪೂರ್ಣ.

ಎರಡು ಬದಿಯ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ದಾವಣಗೆರೆಯಲ್ಲಿ ಹಳಿ ಊರ ನಡುವೆಯೇ ಹಾದುಹೋಗುತ್ತದೆ. ಅಶೋಕ ಚಿತ್ರಮಂದಿರದ ಬಳಿಯ ರೈಲ್ವೆ ಗೇಟು ಆ ಊರಿನವರಿಗೆ ದಶಕಗಳ ತಲೆನೋವಾಗಿತ್ತು. ಹಳಿ ಜೋಡಿಯಾಗಿ, ಗಾಡಿಗಳ ಸಂಖ್ಯೆ ಹೆಚ್ಚಿದಷ್ಟೂ ಇಂಥ ಊರುಗಳು ಇಬ್ಭಾಗವಾಗುವುದು ಹೆಚ್ಚು. ನಿಲ್ದಾಣದ ಪಾದಚಾರಿ ಮೇಲ್ಸೇತುವೆ ಆ ಎರಡು ಭಾಗಗಳನ್ನು ಕೂಡಿಸುವ ಸಹಜವಾದ ದಾರಿ. ಆದರೆ ಬಹುತೇಕ ಕಡೆ ಆ ಸೇತುವೆ ಒಂದು ಪ್ಲಾಟ್‌ಫಾರ್ಮಿನಿಂದ ಏರಿ ಇನ್ನೊಂದು ಪ್ಲಾಟ್‌ಫಾರ್ಮಿಗೆ ಇಳಿಯುತ್ತದೆ. ಆಚೆ ಬದಿಯ ಬಡಾವಣೆಯಿಂದ ಶಾಲೆಗೆ ಹೊರಟ ಹುಡುಗಿ ಅದನ್ನು ಹತ್ತಬೇಕಾದರೆ ಹತ್ತು ರೂಪಾಯಿಯ ಪ್ಲಾಟ್‌ಫಾರ್ಮ್ ಟಿಕೆಟ್ ಕೊಳ್ಳಬೇಕು, ಇಲ್ಲವಾದರೆ ದಂಡದ ಭಯ. ಅವಳು ಹಳಿಯನ್ನೇ ದಾಟುತ್ತಾಳೆ. ಅದು ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಅಪರಾಧ. ಅದೇ ಸೇತುವೆಯನ್ನು ಇನ್ನೊಂದಿಷ್ಟು ಉದ್ದ ಮಾಡಿ, ಎರಡೂ ತುದಿಗಳನ್ನು ಟಿಕೆಟ್ ಬೇಡದ ಜಾಗದಲ್ಲಿ, ಬೀದಿಗೇ ಇಳಿಸಿದರೆ ಅದು ಊರಿನ ಒಂದು ರಸ್ತೆಯಾಗುತ್ತದೆ. ಅದಕ್ಕೆ ತಗಲುವ ಹೆಚ್ಚುವರಿ ಖರ್ಚು ಮುಂಬಾಗಿಲ ಕಮಾನಿನ ಖರ್ಚಿನ ಮುಂದೆ ದೊಡ್ಡದಾಗಲಾರದು. ಅದರ ದೀಪ, ಕಾವಲು, ಗುಡಿಸುವ ಕೆಲಸ ಯಾರದು ಎಂಬಲ್ಲಿ ಮಾತ್ರ ಕಡತ ನಿಂತುಹೋಗುತ್ತದೆ.

ಹುಬ್ಬಳ್ಳಿ ಈ ವಿಷಯದಲ್ಲಿ ಅರ್ಧ ದಾರಿ ನಡೆದಿದೆ. ಗದಗ ರಸ್ತೆಯ ಕಡೆಯಿಂದಲೂ ಒಳಬರಬಹುದು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ರೈಲು ನಿಲ್ದಾಣದ ಎದುರಿನಿಂದಲೇ ಸಿಗುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 1,507 ಮೀಟರಿನ ಪ್ಲಾಟ್‌ಫಾರ್ಮು ಪ್ರಪಂಚದಲ್ಲೇ ಅತಿ ಉದ್ದದ್ದು ಎಂಬ ಹೆಮ್ಮೆ ಊರಿಗಿದೆ, ಇರಲಿ. ಆದರೆ ಸಾಮಾನ್ಯ ಪ್ರಯಾಣಿಕನ ದಿನಚರಿಯನ್ನು ಹೆಚ್ಚು ಬದಲಿಸಿದ್ದು ಆ ಬಸ್ಸಿನ ನಿಲುಗಡೆ ಎಂದು ನನ್ನ ನಂಬಿಕೆ. ಅದೇ ಚಿಗರಿಯ 22 ಕಿಲೋಮೀಟರಿನ ದಾರಿ ಧಾರವಾಡ ಸೇರಿದ ಮೇಲೆ ರೈಲು ನಿಲ್ದಾಣದ ಹತ್ತಿರ ಸುಳಿಯುವುದಿಲ್ಲ. ಒಂದೇ ಮಹಾನಗರ ಪಾಲಿಕೆ, ಒಂದೇ ಬಸ್ ಯೋಜನೆ, ಎರಡು ನಿಲ್ದಾಣ; ಒಂದಕ್ಕೆ ಬೆಸುಗೆ ಸಿಕ್ಕಿತು, ಇನ್ನೊಂದಕ್ಕೆ ಸಿಕ್ಕಿದ್ದು ಹೊಸ ಕಟ್ಟಡ.

ಸ್ಮಾರ್ಟ್ ಸಿಟಿ ಯೋಜನೆಯ ಹತ್ತು ವರ್ಷಗಳನ್ನು ನೆನೆದರೆ ಬೇಸರ ಹೆಚ್ಚುತ್ತದೆ. 2016ರಲ್ಲಿ ದಾವಣಗೆರೆ, ಬೆಳಗಾವಿ, ಮಂಗಳೂರು, ಶಿವಮೊಗ್ಗ, ತುಮಕೂರು, ಹುಬ್ಬಳ್ಳಿ-ಧಾರವಾಡ ಆಯ್ಕೆಯಾದವು. ಬೀದಿ, ಪಾದಚಾರಿ ಮಾರ್ಗ, ಬಸ್ ನಿಲ್ದಾಣಗಳಿಗೆ ಹಣ ಹರಿಯಿತು. ಕೊನೆಯ ವರ್ಷಗಳಲ್ಲಿ ಇದೇ ಊರುಗಳಲ್ಲಿ ನಿಲ್ದಾಣದ ಹಣವೂ ಬಂತು. ಎರಡೂ ಕೇಂದ್ರದ್ದೇ ಯೋಜನೆಗಳು. ಎರಡು ನಕ್ಷೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಅಧಿಕಾರಿ ಮಾತ್ರ ಇರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನಿರ್ಧಾರ ಮಾಡುವವರು ಇರುವ ಊರೂ ಬೇರೆ. ಕಲಬುರಗಿಯ ನಿಲ್ದಾಣಕ್ಕೆ ವಿಭಾಗೀಯ ರೈಲ್ವೆ ವ್ಯವಸ್ಥಾಪಕರು (ಡಿಆರ್‌ಎಂ) ಕೂರುವುದು ಸೊಲ್ಲಾಪುರದಲ್ಲಿ, ಮಂಗಳೂರು ಸೆಂಟ್ರಲಿಗೆ ಪಾಲಕ್ಕಾಡಿನಲ್ಲಿ. ಪಾಲಿಕೆಯ ಸದಸ್ಯರೊಬ್ಬರು ಬಸ್ ನಿಲುಗಡೆಯ ಜಾಗ ಕೇಳಲು ಎರಡು ಜಿಲ್ಲೆ, ಕೆಲವೊಮ್ಮೆ ಒಂದು ರಾಜ್ಯವನ್ನು ದಾಟಬೇಕು.

ನಿಲ್ದಾಣದ ಜಮೀನಿನಿಂದಲೇ ಹಣ ಎತ್ತಿ ನಿಲ್ದಾಣ ಕಟ್ಟಬಹುದು ಎಂಬ ವಾದ ಬಹಳ ವರ್ಷ ಓಡಿತು. ಅದಕ್ಕೆಂದೇ 2012ರಲ್ಲಿ ನಿಲ್ದಾಣ ಅಭಿವೃದ್ಧಿ ನಿಗಮ ಹುಟ್ಟಿತು. ಭೋಪಾಲಿನ ಹಬೀಬ್‌ಗಂಜ್ ನಿಲ್ದಾಣ ಖಾಸಗಿ ಸಹಭಾಗಿತ್ವದಲ್ಲಿ ಎದ್ದುನಿಂತು, 2021ರ ನವೆಂಬರಿನಲ್ಲಿ ರಾಣಿ ಕಮಲಾಪತಿ ಎಂಬ ಹೊಸ ಹೆಸರಿನೊಂದಿಗೆ ತೆರೆಯಿತು. ಅದಕ್ಕೆ ಒಂದು ತಿಂಗಳು ಮೊದಲೇ ನಿಗಮವನ್ನು ಮುಚ್ಚುವ ಆದೇಶ ಹೊರಟಿತ್ತು. ಸಣ್ಣ ಊರಿನ ಮಟ್ಟಿಗೆ ಈ ಮಾದರಿ ಕೂಡಿಬರದಿರುವುದಕ್ಕೆ ಕಾರಣ ಸರಳ: ಗದಗಿನಲ್ಲೋ ಬೀರೂರಿನಲ್ಲೋ ಹಳಿಯ ಪಕ್ಕದ ಒಂದು ಎಕರೆಯ ಬಾಡಿಗೆಯಿಂದ ಎಸ್ಕಲೇಟರಿನ ಕರೆಂಟ್ ಬಿಲ್ಲೂ ಹುಟ್ಟಲಾರದು. ಒತ್ತಾಯದಿಂದ ಮಾಲ್ ಕಟ್ಟಿದರೆ ಖಾಲಿ ಮಳಿಗೆಗಳು ಉಳಿಯುತ್ತವೆ. ಅಮೃತ ಭಾರತ ಸರ್ಕಾರದ ಹಣದಲ್ಲಿ ನಡೆಯುತ್ತಿರುವುದನ್ನು ನಾನು ಸ್ವಾಗತಿಸುವುದು ಈ ಕಾರಣಕ್ಕೆ. ಆದರೆ ಸಾರ್ವಜನಿಕರ ಹಣವೆಂದ ಮೇಲೆ ಅದರ ಅಳತೆಗೋಲೂ ಸಾರ್ವಜನಿಕವಾಗಿರಬೇಕು. ಎಷ್ಟು ಚದರ ಮೀಟರು ಗ್ರಾನೈಟ್ ಹಾಸಿದರು ಎಂಬುದಲ್ಲ. ಗಾಡಿ ಇಳಿದ ನೂರು ಜನರಲ್ಲಿ ಎಷ್ಟು ಮಂದಿ ಹತ್ತು ನಿಮಿಷದೊಳಗೆ ಬಸ್ಸು ಹತ್ತಿದರು ಎಂಬುದು.

ದೊಡ್ಡ ಊರಿನ ಒಂದು ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಸುಮಾರು 314 ಕೋಟಿ ರೂಪಾಯಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರ ಜೂನ್‌ನಲ್ಲಿ ಶುರುವಾಯಿತು. ಹವಾನಿಯಂತ್ರಿತ ಕಟ್ಟಡ, ಏಳು ಪ್ಲಾಟ್‌ಫಾರ್ಮು. ಅಲ್ಲಿಗೆ ಹೋಗುವ ರಸ್ತೆ ಇಕ್ಕಟ್ಟಿನದು. ಮೆಟ್ರೊ ನಿಲ್ದಾಣ ಹತ್ತಿರದಲ್ಲೇ ಇದ್ದರೂ ನೇರವಾಗಿ ನಡೆದುಹೋಗುವ ದಾರಿಯಿರಲಿಲ್ಲ. ರಾಜ್ಯದ ಅತ್ಯಂತ ಶ್ರೀಮಂತ ನಗರದಲ್ಲಿ, ಎಲ್ಲ ಇಲಾಖೆಗಳ ಮುಖ್ಯಸ್ಥರೂ ಒಂದೇ ಊರಲ್ಲಿರುವಾಗಲೇ ಹೀಗಾಯಿತು. ಜಿಲ್ಲಾ ಕೇಂದ್ರಗಳಲ್ಲಿ ಅದು ತಾನಾಗಿಯೇ ಸರಿಹೋಗುತ್ತದೆ ಎಂದು ನಂಬಲು ಯಾವ ಆಧಾರವೂ ಇಲ್ಲ.

ಸಣ್ಣ ನಗರಕ್ಕೆ ಇದು ಮೀರಿದ ಕೆಲಸ ಎನ್ನುವವರು ಜಪಾನಿನ ತೊಯಾಮಾವನ್ನು ನೋಡಬೇಕು. ಜನಸಂಖ್ಯೆ ಸುಮಾರು ನಾಲ್ಕು ಲಕ್ಷ, ನಮ್ಮ ಬಳ್ಳಾರಿಯಷ್ಟು. ಅಲ್ಲೂ ಹಳಿ ಊರನ್ನು ಉತ್ತರ-ದಕ್ಷಿಣವಾಗಿ ಸೀಳಿತ್ತು. 2006ರಲ್ಲಿ ಅವರು ಜನರಿಲ್ಲದೆ ಸೊರಗಿದ್ದ ಒಂದು ರೈಲು ಮಾರ್ಗವನ್ನು ಟ್ರಾಮ್ ಮಾರ್ಗವಾಗಿ ಪರಿವರ್ತಿಸಿದರು. 2015ರಲ್ಲಿ ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಬಂದಾಗ ನಿಲ್ದಾಣವನ್ನು ಮೇಲೆತ್ತುವ ಕೆಲಸ ಕೈಗೊಂಡರು. 2020ರ ಮಾರ್ಚ್‌ನಲ್ಲಿ ಉತ್ತರದ ಟ್ರಾಮನ್ನೂ ದಕ್ಷಿಣದ ಟ್ರಾಮನ್ನೂ ನಿಲ್ದಾಣದ ಅಡಿಯಲ್ಲೇ ಜೋಡಿಸಿದರು. ಟ್ರಾಮ್ ದಾರಿಯ ಬಳಿ ಮನೆ ಮಾಡುವವರಿಗೆ ನಗರಾಡಳಿತ ಸಹಾಯಧನವನ್ನೂ ಕೊಟ್ಟಿತು. ಅವರ ಸಿರಿತನ ನಮಗಿಲ್ಲ, ಟ್ರಾಮೂ ನಮಗೆ ಬೇಕಿಲ್ಲ. ನಾನು ಗಮನಿಸುವುದು ಒಂದನ್ನೇ: ಅಲ್ಲಿ ನಿಲ್ದಾಣದ ಸುತ್ತಲಿನ ಯೋಜನೆಯ ಮುಂದಾಳತ್ವ ವಹಿಸಿದ್ದು ನಗರಾಡಳಿತ. ನಮ್ಮಲ್ಲಿ ನಗರಾಡಳಿತಕ್ಕೆ ಉದ್ಘಾಟನೆಯ ಆಮಂತ್ರಣ ಪತ್ರಿಕೆ ಬರುತ್ತದೆ.

ರೈಲ್ವೆ ಊರು ಕಟ್ಟುವ ಇಲಾಖೆಯಲ್ಲ, ಗಾಡಿ ಓಡಿಸುವ ಇಲಾಖೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಳಿ, ಸಿಗ್ನಲ್, ಸುರಕ್ಷತೆಗೆ ಬೇಕಾದ ಗಮನ ಬೀದಿದೀಪದ ಜಗಳದಲ್ಲಿ ಕಳೆದುಹೋಗಬಾರದು. ಎಲ್ಲೆಂದರಲ್ಲಿ ದಾರಿ ಬಿಟ್ಟರೆ ಟಿಕೆಟ್ ಇಲ್ಲದವರು ನುಗ್ಗುತ್ತಾರೆ ಎಂಬ ಅಳುಕೂ ಸುಳ್ಳಲ್ಲ. ಆದರೆ ರೈಲ್ವೆ ಬಹುಕಾಲದಿಂದಲೂ ಊರಿನ ದೊಡ್ಡ ಜಮೀನುದಾರ. ನಿಲ್ದಾಣ, ಗೂಡ್ಸ್ ಶೆಡ್ಡು, ಕ್ವಾರ್ಟರ್ಸು, ಖಾಲಿ ಯಾರ್ಡು ಸೇರಿದರೆ ಎಷ್ಟೋ ಊರುಗಳಲ್ಲಿ ನಡುಪೇಟೆಯ ಬಳಿ ಇಷ್ಟು ನೆಲ ಬೇರಾರ ಕೈಯಲ್ಲೂ ಇಲ್ಲ. ಖಾಲಿ ಜಮೀನನ್ನು ಗುತ್ತಿಗೆಗೆ ಕೊಡಲು ರೈಲ್ವೆಗೆ ಪ್ರತ್ಯೇಕ ಪ್ರಾಧಿಕಾರವೇ ಇದೆ. ವರಮಾನಕ್ಕೆ ನೆಲವನ್ನು ಬಳಸುವಾಗ ತಾನು ಊರಿನ ಭಾಗ ಎಂದುಕೊಂಡು, ಚರಂಡಿಯ ಮಾತು ಬಂದಾಗ ತಾನು ಗಾಡಿ ಓಡಿಸುವವನು ಎಂದರೆ ಹೇಗೆ?

ಹಾಗೆಂದು ಗೂಬೆಯನ್ನು ಪೂರ್ತಿ ರೈಲ್ವೆಯ ಮೇಲೆ ಕೂರಿಸುವುದೂ ಅನ್ಯಾಯ. ನಮ್ಮ ನಗರಸಭೆಗಳಲ್ಲಿ ಸ್ಟೇಷನ್ ರಸ್ತೆಯ ಪಾದಚಾರಿ ಮಾರ್ಗದ ಬಗ್ಗೆ ಕೊನೆಯ ಸಲ ಚರ್ಚೆಯಾದದ್ದು ಯಾವಾಗ? ಮಾಸ್ಟರ್ ಪ್ಲಾನಿನಲ್ಲಿ ರೈಲ್ವೆ ಜಮೀನನ್ನು ಒಂದು ಬಣ್ಣ ಹಚ್ಚಿ ಬಿಟ್ಟುಬಿಡುತ್ತಾರೆ, ಸುತ್ತಲಿನ ಬೀದಿಗಳು ಆ ಬಣ್ಣಕ್ಕೆ ಬಂದು ಡಿಕ್ಕಿ ಹೊಡೆದು ನಿಲ್ಲುತ್ತವೆ. ಸಾರಿಗೆ ಸಂಸ್ಥೆಯ ಡಿಪೊದಲ್ಲಿ ರೈಲಿನ ವೇಳಾಪಟ್ಟಿಯೇ ಇರುವುದಿಲ್ಲ.

ಆಗಬೇಕಾದದ್ದು ಹೊಸ ಪ್ರಾಧಿಕಾರವಲ್ಲ. ಪ್ರತಿ ನಿಲ್ದಾಣದ ಸುತ್ತ ಅರ್ಧ ಕಿಲೋಮೀಟರಿಗೆ ರೈಲ್ವೆ, ನಗರಸಭೆ, ಸಾರಿಗೆ ಸಂಸ್ಥೆ ಮೂವರೂ ಸಹಿ ಹಾಕಿದ ಒಂದು ಒಪ್ಪಂದ ಬೇಕು. ಜಿಲ್ಲಾಧಿಕಾರಿ ಅದರ ಜವಾಬ್ದಾರಿ ಹೊರಬೇಕು. ಸೇತುವೆಯ ದೀಪ ಯಾರದು, ಚರಂಡಿ ಯಾರದು, ಬಸ್ಸು ನಿಲ್ಲುವ ಜಾಗ ಎಷ್ಟು, ವ್ಯಾಪಾರಿಗಳ ಸಾಲು ಎಲ್ಲಿ ಎಂಬುದು ಅದರಲ್ಲಿ ಬರೆದಿರಬೇಕು. ಬರಬೇಕಾದ ಸೇವಾ ಶುಲ್ಕವನ್ನು ಕೇಳಿ ಪಡೆದು, ಅದನ್ನು ಆ ಅರ್ಧ ಕಿಲೋಮೀಟರಿಗೇ ಮೀಸಲಿಡಬೇಕು. ವ್ಯಾಪಾರಿಗಳ ಕಾಯ್ದೆಯ ಆ ಉಪಕಲಮಿನ ತಿದ್ದುಪಡಿಗೆ ನಮ್ಮ ಸಂಸದರು ದನಿಯೆತ್ತಬೇಕು; ಕನಿಷ್ಠಪಕ್ಷ ನಿಲ್ದಾಣದ ಮುಂದಿನ ಅಂಗಳವನ್ನಾದರೂ ಕಾಯ್ದೆಯೊಳಗೆ ತರಬೇಕು. ಎರಡನೇ ಹಂತದ ನಕ್ಷೆಗಳು ಇನ್ನೂ ಅಂತಿಮವಾಗದ ಊರುಗಳಲ್ಲಿ ನಗರಸಭೆ ಅವನ್ನು ತರಿಸಿಕೊಂಡು, ಸಾಮಾನ್ಯ ಸಭೆಯಲ್ಲಿ ಗೋಡೆಗೆ ಅಂಟಿಸಿ ಚರ್ಚೆಗಿಡಬಹುದು. ಅದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ. ಇದೆಲ್ಲ ಆಗಲು ವರ್ಷಗಳು ಬೇಕು. ಆದರೆ ಬೆಳಗಿನ ಜಾವ ನಾಲ್ಕೂವರೆಯ ಗಾಡಿಗೆ ಹೊಂದಿಸಿ ನಿಲ್ದಾಣದಿಂದ ಬಸ್‌ಸ್ಟ್ಯಾಂಡಿಗೆ ಒಂದು ಬಸ್ಸು ಬಿಡಲು ಟೆಂಡರೂ ಬೇಡ, ದೆಹಲಿಯ ಅನುಮತಿಯೂ ಬೇಡ. ಅದು ಈ ತಿಂಗಳೇ ಆಗಬಹುದಾದ ಕೆಲಸ. ಸಾರಿಗೆ ಸಂಸ್ಥೆಯ ವಿಭಾಗೀಯ ನಿಯಂತ್ರಣಾಧಿಕಾರಿಯ ಒಂದು ಆದೇಶ ಸಾಕು.